ಹೆಸರಿಗೆ ಜೊತೆಯಾಗುವ ಹೆಸರು



ಮಗುವಿನ ಮೊದಲ ಹೆಸರಿಗೆ ಒಪ್ಪುವ ಇನ್ನೊಂದು ಹೆಸರನ್ನು ಸೇರಿಸುವ ರೂಢಿ ನಮ್ಮಲ್ಲಿದೆ. ಅದು ಕಿವಿಗೆ ಇಂಪಾಗಿದ್ದರೆ ಸಾಲದು. ಎರಡೂ ಕೂಡಿ ಅರ್ಥ ಕೊಡಬೇಕು. 'ಫಾತಿಮಾ ಝಹ್ರಾ' ಎಂದಾಗ ಪ್ರವಾದಿಪುತ್ರಿಯ ಹೆಸರಿಗೆ ಅವರದೇ ಬಿರುದು ಜೊತೆಯಾಗುತ್ತದೆ. 'ಆಯಿಶಾ ಸಿದ್ದೀಖಾ' ಎಂಬುದರ ಸೊಗಸೂ ಅದೇ.

ಆದರೆ 'ಅಬ್ದುರ್ರಹ್ಮಾನ್' ಎಂಬುದು ಎರಡು ಹೆಸರುಗಳಲ್ಲ, ಒಂದೇ. ಪರಮ ದಯಾಮಯನ ದಾಸ ಎಂದು ಅದರರ್ಥ. ಅದನ್ನು ಸೀಳಿ 'ಅಬ್ದುಲ್' ಎಂದಷ್ಟೇ ಕರೆದರೆ ಯಾರ ದಾಸನೆಂಬುದು ಉಳಿಯದು. 'ರಹ್ಮಾನ್' ಎಂದಷ್ಟೇ ಕರೆದರೆ ದಾಸನಿಗೆ ಒಡೆಯನ ಹೆಸರು ಅಂಟುತ್ತದೆ.

ಇನ್ನು ದಾಖಲೆಯ ಮಾತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನ್ಮದಿನ, ಜನ್ಮಸ್ಥಳಗಳ ಆಧಾರ ಜನನ ಪ್ರಮಾಣಪತ್ರವೇ. ಪಾಸ್‌ಪೋರ್ಟಿನಲ್ಲಿ ನಡುಹೆಸರಿಗೆ ಪ್ರತ್ಯೇಕ ಅಂಕಣವಿಲ್ಲ. ಒಂದು ಕಾಗದದಲ್ಲಿ 'ಮುಹಮ್ಮದ್', ಇನ್ನೊಂದರಲ್ಲಿ 'ಎಂ.ಡಿ.' ಎಂದಾದರೆ ಒಬ್ಬನೇ ಮಗ ಇಬ್ಬರಾಗುತ್ತಾನೆ. 2019ರಲ್ಲಿ ಅಂತಿಮ ಪಟ್ಟಿ ಪ್ರಕಟವಾದ ಅಸ್ಸಾಮಿನ ಪೌರತ್ವ ನೋಂದಣಿಯಲ್ಲಿ ಹೆಸರಿನ ಅಕ್ಷರವ್ಯತ್ಯಾಸವೂ ಅನೇಕ ಬಡವರನ್ನು ಅಲೆದಾಡಿಸಿತೆಂಬುದನ್ನು ನಾವು ಮರೆಯಲಾಗದು.

ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆದ್ದರಿಂದ ಆಸ್ಪತ್ರೆಯ ಅವಸರದಲ್ಲಿ ಏನನ್ನೋ ಬರೆಸುವುದು ಬೇಡ. ಅಕೀಕಾದ ದಿನ ಮನೆಮಂದಿಯೆಲ್ಲ ಕುಳಿತು, ತಾಯಿಯ ಅಭಿಪ್ರಾಯವನ್ನೂ ಕೇಳಿ, ಪೂರ್ಣ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡೋಣ. ಮುಂದೆ ಎಲ್ಲೆಡೆಯೂ ಅದನ್ನೇ ಕೊಡೋಣ. ಒಳ್ಳೆಯ ಹೆಸರು ಹೆತ್ತವರ ಮೇಲೆ ಮಗುವಿಗಿರುವ ಹಕ್ಕು. ಅದನ್ನು ಕೆಡದಂತೆ ದಾಖಲಿಸುವುದು ನಮ್ಮ ಹೊಣೆ.