ಮೂಲೆ ಸೇರಿದ ಜಾವಾ ಮತ್ತೆ ರಸ್ತೆಗೆ



ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳ ಹಿತ್ತಿಲಲ್ಲಿ, ಗೋಣಿತಾಟು ಹೊದ್ದು ನಿಂತ ಬೈಕೊಂದು ಇವತ್ತಿಗೂ ಇರುತ್ತದೆ. ಟ್ಯಾಂಕಿನ ದೂಳು ಒರೆಸಿದರೆ ಜಾವಾ ಅಂತಲೋ ಯೆಜ್ಡಿ ಅಂತಲೋ ಹೆಸರು ಕಾಣುತ್ತದೆ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದ ಐಡಿಯಲ್ ಜಾವಾ ಕಾರ್ಖಾನೆಯನ್ನು ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1973ರಿಂದ ಅದರ ಬೈಕುಗಳು ಯೆಜ್ಡಿ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಹಾಗಾಗಿ ಕೊನೆಯ ಯೆಜ್ಡಿಗೂ ಈಗ ಇಪ್ಪತ್ತೈದು ವರ್ಷದ ಮೇಲಾಯಿತು.

ಇಂಥ ಬೈಕನ್ನು ಮತ್ತೆ ಓಡಿಸುವ ಆಸೆ ಹುಟ್ಟಿದವರು ಮೊದಲು ಓಡುವುದು ಪೇಂಟರ್ ಹತ್ತಿರ. ಕಡುಗೆಂಪು ಬಣ್ಣ, ಟ್ಯಾಂಕಿನ ಪಕ್ಕಕ್ಕೆ ಹೊಳೆಯುವ ಕ್ರೋಮು! ದುಡ್ಡೆಲ್ಲ ಅಲ್ಲೇ ಮುಗಿದು, ಬೈಕು ವರಾಂಡದ ಗೊಂಬೆಯಾಗಿ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಬಣ್ಣ ಕಟ್ಟಕಡೆಯ ಕೆಲಸ.

ಎರಡನೆಯ ಆತುರ ಕಿಕ್ ಹೊಡೆಯುವುದು. ಜಾವಾದಲ್ಲಿ ಗೇರಿನ ಲಿವರೇ ಕಿಕ್ಕರ್. ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಆಯಿತು. ಆದರೆ ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗುಗಳು ತುಕ್ಕು ಹಿಡಿದು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿರಬಹುದು. ಬಲವಂತ ಮಾಡಿದರೆ ರಿಂಗು ಮುರಿದು ಬೋರಿನ ಮೇಲೆ ಗೀರು ಎಳೆಯುತ್ತದೆ. ಪ್ಲಗ್ಗು ಬಿಚ್ಚಿ, ಆ ತೂತಿನಿಂದ ಒಂದಿಷ್ಟು ಡೀಸೆಲ್ಲೂ ಆಯಿಲ್ಲೂ ಬೆರೆಸಿ ಹಾಕಿ, ಒಂದೆರಡು ದಿನ ಸುಮ್ಮನೆ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಪಿಸ್ಟನ್ನು ಮಿಸುಕಿತೋ, ಅರ್ಧ ಗೆದ್ದ ಹಾಗೆ.

ಇನ್ನು ಕಿಡಿ, ಪೆಟ್ರೋಲು. ಇವು ಸುಲಭದ ಕೆಲಸ. ಆರು ವೋಲ್ಟಿನ ಬ್ಯಾಟರಿ ಹೊಸದಾಗಿರಲಿ. ಬಲಗಡೆ ಕವರಿನೊಳಗೆ ಡೈನಮೊ ಜೊತೆಗಿರುವ ಪಾಯಿಂಟನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ, ಫೀಲರ್ ಗೇಜ್ ಇಟ್ಟು ಸಂದನ್ನು 0.4 ಮಿಲಿಮೀಟರಿಗೆ ಹೊಂದಿಸಿ. ಹಳೇ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಜೆಟ್ಟುಗಳಲ್ಲಿ ಕಟ್ಟಿಕೊಂಡಿರುತ್ತದೆ, ಅದನ್ನು ತೊಳೆಯಿರಿ. ಟ್ಯಾಂಕಿನ ತುಕ್ಕಿಗೆ ಹಳೇ ನಟ್ಟುಗಳನ್ನು ಹಾಕಿ ಚೆನ್ನಾಗಿ ಕುಲುಕಿ ತೊಳೆಯುವುದು ನಮ್ಮ ಗ್ಯಾರೇಜುಗಳ ಹಳೆಯ ವಿದ್ಯೆ. ಇಷ್ಟಾದರೆ ಬೈಕು ಸ್ಟಾರ್ಟ್ ಆಗುತ್ತದೆ. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಆದರೆ ಸ್ಟಾರ್ಟ್ ಆಗುವುದೇ ಬೇರೆ, ಚೆನ್ನಾಗಿ ಓಡುವುದೇ ಬೇರೆ. ಒಂದು ವಾರ ಹೋಗುವಷ್ಟರಲ್ಲಿ ದೂರು ಶುರು: ಐಡ್ಲಿಂಗ್ ನಿಲ್ಲುವುದಿಲ್ಲ, ಎಕ್ಸಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ಕಿರುಚುತ್ತದೆ, ಬೇಗ ಬಿಸಿಯಾಗುತ್ತದೆ. ಮೆಕ್ಯಾನಿಕ್ ಮತ್ತೆ ಕಾರ್ಬೊರೇಟರ್ ಬಿಚ್ಚುತ್ತಾನೆ, ಜೆಟ್ ಬದಲಿಸುತ್ತಾನೆ, ಸ್ಕ್ರೂ ತಿರುಗಿಸುತ್ತಾನೆ. ರೋಗ ಇರುವುದು ಬೇರೆ ಕಡೆ.

ಇದು ಟೂ ಸ್ಟ್ರೋಕ್ ಇಂಜಿನ್. ಪಿಸ್ಟನ್ನು ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೇಸು ಪೆಟ್ರೋಲು, ಗಾಳಿಯನ್ನು ಎಳೆದುಕೊಳ್ಳುತ್ತದೆ; ಇಳಿಯುವಾಗ ಅದನ್ನೇ ಒತ್ತಿ ಮೇಲಕ್ಕೆ ತಳ್ಳುತ್ತದೆ. ಅಂದರೆ ಕ್ರ್ಯಾಂಕ್ ಕೇಸು ಕಮ್ಮಾರನ ತಿದಿಯಿದ್ದ ಹಾಗೆ, ಎಲ್ಲಿ ತೂತಾದರೂ ಕೆಲಸ ಕೆಟ್ಟಿತು. ಕ್ರ್ಯಾಂಕಿನ ಎರಡು ತುದಿಗೂ ಗಾಳಿ ನುಗ್ಗದಂತೆ ರಬ್ಬರಿನ ಆಯಿಲ್ ಸೀಲುಗಳಿವೆ. ಬೈಕು ನಿಂತಲ್ಲೇ ನಿಂತರೆ ಈ ರಬ್ಬರು ಒಣಗಿ, ಗಟ್ಟಿಯಾಗಿ ಬಿರಿಯುತ್ತದೆ.

ಡೈನಮೊ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಇಂಜಿನ್ ಕಾಯುತ್ತದೆ. ಪೆಟ್ರೋಲಿನ ಜೊತೆಗೇ ಆಯಿಲ್ಲೂ ಬರಬೇಕಾದ್ದರಿಂದ ಅದೂ ಕಡಿಮೆಯಾಗಿ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಲಕ್ಷಣ ಬೇರೆ: ಗೇರ್ ಬಾಕ್ಸಿನ ಆಯಿಲನ್ನು ಇಂಜಿನ್ ಕುಡಿಯತೊಡಗುತ್ತದೆ. ಎರಡೂ ಸೈಲೆನ್ಸರಿನಿಂದ ಬೀದಿ ತುಂಬ ಬಿಳಿ ಹೊಗೆ, ಇತ್ತ ಗೇರ್ ಆಯಿಲ್ ಎಲ್ಲೂ ಸೋರದೆ ಇಳಿಯುತ್ತಾ ಹೋಗುತ್ತದೆ. ಸೀಲು ಅಗ್ಗದ ಸಾಮಾನು, ಹಾಕುವ ಕೂಲಿಯೇ ಜಾಸ್ತಿ. ಕ್ಲಚ್ಚು, ಪ್ರೈಮರಿ ಚೈನು ಎಲ್ಲ ಇಳಿಸಬೇಕಲ್ಲ! ಅದಕ್ಕೇ ಮೆಕ್ಯಾನಿಕ್ಕುಗಳು ಈ ಮಾತೆತ್ತುವುದಿಲ್ಲ. ನೀವೇ ಎತ್ತಿ. ಹೇಗೂ ಇಂಜಿನ್ ಬಿಚ್ಚಿದ ಮೇಲೆ ಬೋರು ಎಷ್ಟು ಸವೆದಿದೆ ಎಂದು ಲೇತಿನವರ ಹತ್ತಿರ ಅಳೆಸಿಬಿಡಿ.

ಸೈಲೆನ್ಸರ್ ವಿಷಯ ಮರೆಯಬೇಡಿ. ಒಳಗಿನ ಬ್ಯಾಫಲ್ ಕೊಳವೆಯಲ್ಲಿ ವರ್ಷಗಳ ಮಸಿ ಕಟ್ಟಿರುತ್ತದೆ. ಹೊಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಏರು ಸಿಕ್ಕಿದ ಕೂಡಲೇ ಬೈಕು ಏದುಸಿರು ಬಿಡುತ್ತದೆ. ಬ್ಯಾಫಲ್ ತೆಗೆದು ಕೆರೆದು ಮತ್ತೆ ಹಾಕಿ. ಶಬ್ದದ ಶೋಕಿಗೆ ಅದನ್ನು ಬಿಸಾಡುವವರೂ ಇದ್ದಾರೆ. ಅವರಿಗೆ ಸದ್ದು ಸಿಗುತ್ತದೆ, ಎಳೆತ ಸಿಗುವುದಿಲ್ಲ.

ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಕೆಡಿಸುತ್ತದೆ. ಬೈಕು ಕೆಲವು ವಾರ ನಿಲ್ಲುವುದಾದರೆ ಪೆಟ್ರೋಲ್ ಕಾಕು ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗುವವರೆಗೂ ಇಂಜಿನ್ ಓಡಿಸಿ. ಬ್ರೇಕು, ಕೇಬಲ್ಲು, ಬಿರಿದ ಟೈರು ಇವನ್ನೆಲ್ಲ ರಸ್ತೆಗಿಳಿಯುವ ಮೊದಲೇ ಬದಲಿಸಬೇಕು ಎಂದು ಹೇಳಬೇಕಾಗಿಲ್ಲ.

ಒಂದಷ್ಟು ದೂರ ಓಡಿಸಿ ಬಂದು, ಇಂಜಿನ್ ಆರಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಿ. ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಎಲ್ಲ ಸರಿ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲೋ ಆಯಿಲ್ಲೋ ಹೆಚ್ಚಾಗಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಸೀಲು ನೋಡುವ ತನಕ ದೂರದ ಪ್ರಯಾಣ ಬೇಡ.