ಯುದ್ಧಕಾಲದ ಲಾರಿಯೂ ಅದರ ಕಾರ್ಬುರೇಟರೂ



ತರ್ಕಶಾಸ್ತ್ರವನ್ನು ಪಾಠಹೇಳತಕ್ಕ ಅಧ್ಯಾಪಕರು ಲಾರಿಯ ಎಂಜಿನ್ನಿನ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ವಿಸ್ಮಯವಾಗುವುದು ಸಹಜ. ನಮ್ಮ ಮನೆಯವರಿಗೂ ಹಾಗೆಯೇ ಆಯಿತು. ಆದರೆ ಕಳೆದ ಬೇಸಗೆಯ ರಜೆಯಲ್ಲಿ ಒಂದು ಹಳೆಯ ಮಿಲಿಟರಿ ಲಾರಿಯ ಮುಂದೆ ನಾಲ್ಕು ದಿವಸ ಕುಳಿತು ನಾವು ಕಲಿತ ಪಾಠವು, ಇಷ್ಟು ವರ್ಷಗಳಿಂದ ನಾವು ತರಗತಿಯಲ್ಲಿ ಕಲಿಸುತ್ತ ಬಂದಿರುವ ಪಾಠವೇ ಆಗಿದ್ದಿತು. ಕಲಿಸುವುದು ಬೇರೆ, ಕಲಿಯುವುದು ಬೇರೆ ಎಂಬುದೂ ಆಗ ನಮಗೆ ಮನದಟ್ಟಾಯಿತು. ಆದುದರಿಂದ ಈ ಹೊತ್ತು ಆ ಸಂಗತಿಯನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇವೆ.

ಸಕಲೇಶಪುರದ ಕಡೆ ಕಾಫಿತೋಟವುಳ್ಳ ನಮ್ಮ ಮಿತ್ರರೊಬ್ಬರ ಕೊಟ್ಟಿಗೆಯಲ್ಲಿ ಆ ಲಾರಿಯಿದೆ. ಅದು ಅಮೆರಿಕದ ಜಿ. ಎಂ. ಸಿ. ಜಾತಿಯದು. ಎರಡೂವರೆ ಟನ್ನು ಹೊರತಕ್ಕದ್ದು. ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಮುಟ್ಟುವಂತೆ ಕಟ್ಟಿದ್ದು. 1941ರಿಂದ 1945ರ ವರೆಗೆ ಇಂಥವು ಐದು ಲಕ್ಷಕ್ಕೂ ಮಿಕ್ಕು ತಯಾರಾದುವು. ಅಸ್ಸಾಮಿನ ಲೇಡೋವಿನಿಂದ ಬರ್ಮಾದ ಬೆಟ್ಟಗಳನ್ನು ಹಾದು ಚೀಣದ ಕುನ್‌ಮಿಂಗ್ ನಗರಕ್ಕೆ ಹೋಗುವ ಯುದ್ಧಮಾರ್ಗದಲ್ಲಿ ಮೊದಲನೆಯ ವಾಹನಗಳ ಸಾಲು 1945ನೆಯ ಜನವರಿ 12ರಂದು ಹೊರಟು ಫೆಬ್ರವರಿ 4ರಂದು ಗುರಿಮುಟ್ಟಿತು; ಆ ದಾರಿಯಲ್ಲಿ ಸಾಮಾನು ಹೊತ್ತವುಗಳಲ್ಲಿ ಈ ಜಾತಿಯವೂ ಸೇರಿದ್ದುವು. ಯುದ್ಧ ಮುಗಿದ ಮೇಲೆ ಉಳಿಕೆಯಾದ ಮಿಲಿಟರಿ ವಾಹನಗಳು ನಮ್ಮ ದೇಶದಲ್ಲಿ ಹರಾಜಾದಾಗ ಮಿತ್ರರ ತಾತನವರು ಒಂದನ್ನು ಕೊಂಡರು. ಅದು ಅನೇಕ ವರ್ಷ ಕಾಫಿಯ ಮೂಟೆಗಳನ್ನೂ ಮರದ ದಿಮ್ಮಿಗಳನ್ನೂ ಹೊತ್ತಿತು. ಮಿತ್ರರ ತಾಯಿಯವರು ಹೊಸದಾಗಿ ಮದುವೆಯಾದಾಗ ಅದರಲ್ಲಿಯೇ ಘಟ್ಟವಿಳಿದು ತೌರುಮನೆಗೆ ಹೋಗಿಬಂದವರಂತೆ.

ನಾವು ಹೋದಾಗ ಲಾರಿಗೆ ಅಂತ್ಯಕಾಲ ಒದಗಿದ್ದಿತು. ಎಂಜಿನ್ನು ಹೊತ್ತಿಕೊಳ್ಳುತ್ತಿತ್ತು, ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ನಿಂತುಹೋಗುತ್ತಿತ್ತು. ಮೂವರು ಬಂದು ನೋಡಿ ಹೋಗಿದ್ದರು. ಮೂವರೂ ಕಾರ್ಬುರೇಟರಿನ ತಿರುಪುಮೊಳೆಗಳನ್ನು ತಿರುಗಿಸಿ, “ಕಾರ್ಬುರೇಟರು ಕೆಟ್ಟಿದೆ, ಬಿಡಿಭಾಗ ಸಿಕ್ಕುವುದಿಲ್ಲ” ಎಂದಿದ್ದರು. ಒಬ್ಬರಂತೂ ಎಂಜಿನ್ನೇ ಸವೆದುಹೋಗಿದೆಯೆಂದು ತೀರ್ಪುಕೊಟ್ಟಿದ್ದರು. ಗುಜರಿಯ ವ್ಯಾಪಾರಿ ತೂಕಕ್ಕೆ ಬೆಲೆ ಕಟ್ಟಿ, ಆ ವಾರದೊಳಗೆ ಉತ್ತರ ಕೇಳಿದ್ದನು. ಮಿತ್ರರು ಕೊನೆಯ ಪ್ರಯತ್ನವೆಂದು ಹಾಸನದಿಂದ ವೃದ್ಧರಾದ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದರು.

ಮೇಸ್ತ್ರಿ ಮಾಡಿದ ಕೆಲಸವನ್ನು ಹೇಳುವುದಕ್ಕೆ ಮುಂಚೆ, ಕಾರ್ಬುರೇಟರೆಂದರೆ ಏನೆಂಬುದನ್ನು ಎರಡು ಮಾತಿನಲ್ಲಿ ತಿಳಿಸಬೇಕು. ಸೊಳ್ಳೆಗೆ ಔಷಧ ಹೊಡೆಯುವ ಫ್ಲಿಟ್ ಪಂಪನ್ನು ತಾವೆಲ್ಲರೂ ನೋಡಿರಬಹುದು. ಸಣ್ಣ ಕೊಳವೆಯ ಬಾಯಿಯ ಮೇಲೆ ಗಾಳಿಯು ವೇಗವಾಗಿ ಹಾದುಹೋದರೆ ಅಲ್ಲಿ ಒತ್ತಡವು ಕುಗ್ಗಿ, ಕೆಳಗಿನ ದ್ರವವು ಮೇಲೇರಿ ತುಂತುರಾಗುವುದು. ಕಾರ್ಬುರೇಟರಿನ ತತ್ತ್ವವೂ ಇದೇ. ಎಂಜಿನ್ನು ಗಾಳಿಯನ್ನು ಒಳಕ್ಕೆ ಎಳೆಯುವುದು. ಆ ಗಾಳಿ ಇಕ್ಕಟ್ಟಾದ ಕಂಠದಲ್ಲಿ ವೇಗಗೊಂಡು ಪೆಟ್ರೋಲನ್ನು ಜೊತೆಗೆ ಒಯ್ಯುವುದು. ಶುದ್ಧವಾದ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಅದರ ತೂಕದ ಸುಮಾರು 14.7ರಷ್ಟು ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಸುಮಾರು 9000 ಲೀಟರು ಗಾಳಿ, ಅರ್ಥಾತ್ ಒಂದು ಸಣ್ಣ ಕೋಣೆ ತುಂಬುವಷ್ಟು! ಪೆಟ್ರೋಲು ಹೆಚ್ಚಾದರೆ ಕರಿಯ ಹೊಗೆ, ಮಸಿ, ದುಂದುವೆಚ್ಚ. ಕಡಮೆಯಾದರೆ ಎಂಜಿನ್ನು ತಡವರಿಸುವುದು. ಭಾರ ಹೊತ್ತು ಘಟ್ಟ ಹತ್ತುವಾಗ ಹಾಗಾದರೆ ವಾಲ್ವುಗಳು ಸುಟ್ಟುಹೋಗುವ ಭಯವೂ ಉಂಟು.

ಹೊರಗಿನಿಂದ ನಮ್ಮ ಕೈಗೆ ಸಿಕ್ಕುವ ತಿರುಪುಗಳು ಎರಡು. ಒಂದು, ಕಾಲು ತೆಗೆದಾಗ ಗಾಳಿಯ ಕದವು ಎಷ್ಟು ತೆರೆದಿರಬೇಕೆಂಬುದನ್ನು ನಿಯಮಿಸುವುದು. ಅಂದರೆ ವೇಗದ ತಿರುಪು. ಇನ್ನೊಂದು, ಆ ನಿಧಾನಗತಿಯಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ನಿಯಮಿಸುವ ಸೂಜಿ. ಇವೆರಡರ ಅಧಿಕಾರವೂ ಮುಖ್ಯವಾಗಿ ನಿಧಾನಗತಿಗೆ ಸೇರಿದ್ದು. ಕದವು ಚೆನ್ನಾಗಿ ತೆರೆದ ಮೇಲೆ ಒಳಗಿನ ಮುಖ್ಯ ಜೆಟ್ಟಿನದೇ ಆಡಳಿತ. ಘಟ್ಟದಲ್ಲಿ ಲಾರಿ ಎಳೆಯುವುದಿಲ್ಲವೆಂದು ಈ ಸೂಜಿಯನ್ನು ತಿರುಗಿಸುವವರು, ಅಮಲ್ದಾರರ ಅಪ್ಪಣೆ ಬೇಕಾದಲ್ಲಿ ಶಾನುಭೋಗರಿಗೆ ಅರ್ಜಿ ಕೊಟ್ಟವರಂತೆ ಆಗುತ್ತಾರೆ.

ಮೇಸ್ತ್ರಿ ಬಂದ ಮೊದಲನೆಯ ದಿನ ಕಾರ್ಬುರೇಟರನ್ನು ಮುಟ್ಟಲೇ ಇಲ್ಲ. ನಮಗೆ ಆಶ್ಚರ್ಯವಾಯಿತು, ಕೇಳಿದೆವು. “ಮೇಷ್ಟ್ರೇ, ಎಲ್ಲರೂ ಇದನ್ನೇ ಕಳ್ಳ ಅಂತಾರೆ. ಮೊದಲು ಬೇರೆಯವರ ಮನೆ ನೋಡೋಣ” ಎಂದರು. ಪ್ಲಗ್ಗುಗಳನ್ನು ತೆಗೆದು ಒರಸಿ ಅಂತರವನ್ನು ಅಳೆದರು. ಪಾಯಿಂಟನ್ನು ಶುದ್ಧಮಾಡಿದರು. ಟ್ಯಾಪೆಟ್ಟುಗಳನ್ನು ನೋಡಿದರು. ಎರಡನೆಯ ದಿನ ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿದರು. ತಳದಲ್ಲಿ ಕೆಂಪು ಮಣ್ಣಿನಂಥ ಗಸಿಯೂ ಬೆಲ್ಲದ ಪಾಕದಂಥ ಅಂಟೂ ಇದ್ದುವು. ಜೆಟ್ಟಿನ ರಂಧ್ರಕ್ಕೆ ತಂತಿ ಹಾಕಲು ನಾವು ಮುಂದಾದಾಗ ತಡೆದು, ಗಾಳಿಯಿಂದಲೇ ಊದಿಸಿದರು. ತಂತಿಯಿಂದ ರಂಧ್ರವು ಕೂದಲೆಳೆಯಷ್ಟು ಅಗಲವಾದರೂ ಲೆಕ್ಕ ಕೆಡುವುದಂತೆ. ಆಮೇಲೆ ಮಿಶ್ರಣದ ಸೂಜಿಯನ್ನು ಒಳಕ್ಕೆ ತಿರುಗಿಸುವ ಕೆಲಸವನ್ನು ನಮಗೆ ಒಪ್ಪಿಸಿದರು. ನಾವು ಉತ್ಸಾಹದಿಂದ ಬಿಗಿಯತೊಡಗಿದೆವು. ಮುದುಕರು ನಮ್ಮ ಮಣಿಕಟ್ಟನ್ನು ಹಿಡಿದು, “ಇದು ಬೋಲ್ಟಲ್ಲ ಮೇಷ್ಟ್ರೇ, ಸೂಜಿ” ಎಂದರು. ಬಿಗಿದರೆ ಸೂಜಿಯ ಮೊನೆಯಲ್ಲಿ ಗೀರು ಬಿದ್ದು, ಆಮೇಲೆ ಯಾವ ಹೊಂದಾಣಿಕೆಯೂ ನಿಲ್ಲದು. ಅದು ತಳವನ್ನು ಸೋಕಿತೆಂದು ಬೆರಳಿಗೆ ತಿಳಿದೊಡನೆ ನಿಲ್ಲಿಸಿ, ಅಲ್ಲಿಂದ ಒಂದು ಅಥವಾ ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸತಕ್ಕದ್ದು. ಅದು ಮುಕ್ತಾಯವಲ್ಲ, ಆರಂಭಸ್ಥಾನ.

ಇಷ್ಟಾದರೂ ಎಂಜಿನ್ನು ಹಿಂದಿನಂತೆಯೇ ನಿಂತುಹೋಯಿತು. ಎಂಜಿನ್ನಿನ ಎಳೆತವನ್ನು ಪಾದರಸದ ಅಂಗುಲಗಳಲ್ಲಿ ತೋರಿಸುವ ಮಾಪಕವನ್ನು ಜೋಡಿಸಿ, ಕೈಯಿಂದ ಕದವನ್ನು ಸ್ವಲ್ಪ ತೆರೆದು ಹಿಡಿದರೂ ಮುಳ್ಳು 12ರ ಹತ್ತಿರ ನಡುಗುತ್ತಿತ್ತು. ಮೂರನೆಯ ದಿನ ಮೇಸ್ತ್ರಿ ಒಂದು ಕೋಳಿಪುಕ್ಕವನ್ನು ತರಿಸಿ, ಗಟ್ಟಿಯಾದ ಎಂಜಿನ್ ಎಣ್ಣೆಯಲ್ಲಿ ಅದ್ದಿ, ಓಡುತ್ತಿರುವ ಎಂಜಿನ್ನಿನ ಗಾಳಿಗೊಳವೆಗಳ ಸಂದುಗಳಿಗೆ ಒಂದೊಂದಾಗಿ ಸವರುತ್ತ ಬಂದರು. ಹಿಂದುಗಡೆಯ ಒಂದು ಸಂದಿಗೆ ಸವರಿದೊಡನೆ ಎಣ್ಣೆಯು ಒಳಕ್ಕೆ ಹೀರಿಹೋಯಿತು. ಎಂಜಿನ್ನಿನ ಸ್ವರವೇ ಬದಲಾಯಿತು. ಮೇಸ್ತ್ರಿ ನಕ್ಕರು. ಅಲ್ಲಿನ ಪ್ಯಾಕಿಂಗ್ ಸೀಳಿ, ಕಾರ್ಬುರೇಟರಿಗೆ ಲೆಕ್ಕವೇ ಇಲ್ಲದ ಗಾಳಿ ಕಳ್ಳದಾರಿಯಿಂದ ಒಳಸೇರುತ್ತಿತ್ತು! ಕಾರ್ಬುರೇಟರು ಅಪರಾಧಿಯಲ್ಲ, ಅಪರಾಧಕ್ಕೆ ಸಾಕ್ಷಿ. ಮೂವರು ಪರೀಕ್ಷಕರು ಸಾಕ್ಷಿಯನ್ನೇ ಹಿಡಿದು ದಂಡಿಸಿದ್ದರು.

ನಾಲ್ಕನೆಯ ದಿನ ಹೊಸ ಪ್ಯಾಕಿಂಗ್ ಕೂಡಿಸಿ, ಎಂಜಿನ್ನು ಪೂರ್ತಿ ಬಿಸಿಯಾದ ಮೇಲೆ, ಚೋಕು ಸಂಪೂರ್ಣವಾಗಿ ತೆರೆದಿದೆಯೆಂದು ನೋಡಿಕೊಂಡು, ಹೊಂದಾಣಿಕೆ ಆರಂಭವಾಯಿತು. ಇಲ್ಲಿ ಒಂದು ಎಚ್ಚರಿಕೆಯುಂಟು. ಕೆಲವು ಕಾರ್ಬುರೇಟರುಗಳಲ್ಲಿ ಸೂಜಿಯು ಮಿಶ್ರಣವನ್ನು ತಡೆಯುವುದು. ಅದನ್ನು ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಮೆಯಾಗುವುದು. ಮತ್ತೆ ಕೆಲವುಗಳಲ್ಲಿ ಅದು ಗಾಳಿಯನ್ನು ಮಾತ್ರ ತಡೆಯುವುದು. ಅಲ್ಲಿ ಒಳಕ್ಕೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚುವುದು. ಸೂಜಿ ಯಾವ ಜಾತಿಯದೆಂದು ಅರಿಯದೆ ತಿರುಗಿಸುವುದು ಕತ್ತಲೆಯಲ್ಲಿ ಔಷಧ ಕುಡಿದಂತೆ. ಮೇಸ್ತ್ರಿ ಎಂಟರಲ್ಲೊಂದು ಸುತ್ತು ತಿರುಗಿಸುವರು, ಕೈ ತೆಗೆದು ಕಾಯುವರು, ಕೇಳುವರು. ಒಂದು ಕಡೆಗೆ ಎಂಜಿನ್ನು ಬಿಕ್ಕುತ್ತಿತ್ತು. ಇನ್ನೊಂದು ಕಡೆಗೆ ಕುಂಟುಕುದುರೆಯಂತೆ ಎತ್ತಿಹಾಕುತ್ತಿತ್ತು. ಇವೆರಡರ ಮಧ್ಯದಲ್ಲಿ ಸಮವಾದ ಸ್ವರ ಬಂದಾಗ ನಿಲ್ಲಿಸಿದರು. ಆಗ ವೇಗ ಏರಿದ್ದಿತು. ವೇಗದ ತಿರುಪಿನಿಂದ ಅದನ್ನು ಇಳಿಸಿದರು. ವೇಗ ಇಳಿದ ಮೇಲೆ ಮಿಶ್ರಣವನ್ನು ಪುನಃ ನೋಡಿದರು. ಆದರೆ ಎರಡು ತಿರುಪುಗಳನ್ನು ಒಟ್ಟಿಗೆ ಒಮ್ಮೆಯೂ ಮುಟ್ಟಲಿಲ್ಲ. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲವು ಯಾವುದರದೆಂದು ತಿಳಿಯುವ ಬಗೆಯೇ ಇಲ್ಲ. ಕಾರಣವನ್ನು ನಿರ್ಣಯಿಸಬೇಕಾದರೆ ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಇಡಬೇಕೆಂಬ ಸೂತ್ರವನ್ನು ನಾವು ಎಷ್ಟು ಸಾರಿ ಕಪ್ಪುಹಲಗೆಯ ಮೇಲೆ ಬರೆದಿಲ್ಲ!

ಕಡೆಗೆ ಮಾಪಕದ ಮುಳ್ಳು 16ರಲ್ಲಿ ಅಲುಗದೆ ನಿಂತಿತು. ಪುಸ್ತಕಗಳಲ್ಲಿ 17ರಿಂದ 21 ಎಂದಿರುವುದನ್ನು ಕಂಡು ನಮಗೆ ಅಳುಕಾಯಿತು. ಎಂಜಿನ್ನು ಸವೆದಿದೆಯೆಂದವರು ಹೇಳಿದ್ದು ನಿಜವೇ? “ಈ ಕಡೆ ಎಲ್ಲ ಗಾಡಿಯೂ ಇಷ್ಟೇ ತೋರಿಸುತ್ತೆ” ಎಂದರು ಮೇಸ್ತ್ರಿ. ಕಾರಣ ಅವರಿಗೆ ಬೇಕಾಗಿರಲಿಲ್ಲ. ನಾವು ಲೆಕ್ಕಹಾಕಿದೆವು. ಪುಸ್ತಕದ ಅಂಕಗಳು ಸಮುದ್ರಮಟ್ಟದವು. ಸಾವಿರ ಅಡಿ ಏರಿದರೆ ಸುಮಾರು ಒಂದು ಅಂಗುಲ ಇಳಿಯುವುದು. ಸಕಲೇಶಪುರವು ಸುಮಾರು 3000 ಅಡಿ ಎತ್ತರದಲ್ಲಿದೆ. ಆದುದರಿಂದ ಇಲ್ಲಿಯ 16, ಕಡಲತೀರದ 19! ಒಳ್ಳೆಯ ಎಂಜಿನ್ನಿಗೆ ಪುಸ್ತಕವೇ ಮರಣದಂಡನೆಯನ್ನು ಬರೆದಿದ್ದಿತು. ಸರಿಯಾಗಿ ಓದಿದಾಗ ಪುಸ್ತಕವೇ ಅದನ್ನು ರದ್ದುಮಾಡಿತು.

ಇನ್ನೊಂದು ಸಂಗತಿ. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುವುದು. ಆದರೆ ನಮ್ಮ ದೇಶದ ಪೆಟ್ರೋಲಿನಲ್ಲಿ 2025ರ ವೇಳೆಗೆ ನೂರಕ್ಕೆ 20ರ ಪ್ರಮಾಣದಲ್ಲಿ ಎಥನಾಲ್ ಸೇರಿತು. ಅಂಥ ಇಂಧನಕ್ಕೆ ಬೇಕಾದ ಗಾಳಿಯು ತೂಕದಲ್ಲಿ ಸುಮಾರು 13½ರಷ್ಟು ಮಾತ್ರ. ಹಳೆಯ ಜೆಟ್ಟು ಅದನ್ನು ಅರಿಯದೆ ಹಿಂದಿನ ಅಳತೆಯಲ್ಲಿಯೇ ಸುರಿಯುವುದರಿಂದ ಪೆಟ್ರೋಲಿನ ಪಾಲು ಕಡಮೆಬೀಳುವುದು. ಒಂದು ಕಾರಣ ಈ ಕಡೆಗೆ ಎಳೆದರೆ ಇನ್ನೊಂದು ಆ ಕಡೆಗೆ ಎಳೆಯುವುದು. ಹೀಗಿರಲು ಕಾಗದದ ಮೇಲಿನ ಲೆಕ್ಕದಿಂದ ನಿರ್ಣಯ ಬಾರದು. ಭಾರ ಹೇರಿ ಏರುದಾರಿಯಲ್ಲಿ ಓಡಿಸಿ, ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣವನ್ನೇ ಕೇಳಬೇಕು. ಮಸಿಗಪ್ಪಾದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಮೆ, ತಿಳಿಗಂದಾಗಿದ್ದರೆ ಕ್ಷೇಮ. ನಮ್ಮ ಲಾರಿಯದು ತಿಳಿಗಂದು. ಎಥನಾಲು ನೀರನ್ನು ಹೀರುವುದು, ಹಳೆಯ ರಬ್ಬರನ್ನು ಕೆಡಿಸುವುದು. ಆದುದರಿಂದ ನಿಂತ ಲಾರಿಯ ಬಟ್ಟಲನ್ನು ಬರಿದುಮಾಡಿಡುವುದು ಲೇಸು.

ಈ ಕೆಲಸಕ್ಕೆ ಕೈಹಾಕುವವರಿಗೆ ಎರಡು ಮಾತು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಓಡಿಸಕೂಡದು. ಅದರ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊತ್ತಿಕೊಳ್ಳಲಿಲ್ಲವೆಂದು ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿಯುತ್ತ ಎಂಜಿನ್ನನ್ನು ತಿರುಗಿಸುವ ಅಭ್ಯಾಸ ನಮ್ಮಲ್ಲಿ ಉಂಟು. ಜ್ವಾಲೆ ಹಿಂದಕ್ಕೆ ಚಿಮ್ಮಿದರೆ ಸುಡುವುದು ಕೈಯಲ್ಲಿ ಡಬ್ಬಿ ಹಿಡಿದವರ ಮುಖ.

ಶನಿವಾರ ಗುಜರಿಯ ವ್ಯಾಪಾರಿ ಬಂದನು. ಲಾರಿಯು ಅಂಗಳದಲ್ಲಿ ತನ್ನಷ್ಟಕ್ಕೆ ತಾನು ಮೆಲ್ಲಗೆ ಓಡುತ್ತ ನಿಂತಿದ್ದಿತು. ಮಿತ್ರರು ಅವನಿಗೆ ಕಾಫಿ ಕೊಟ್ಟು ಕಳುಹಿಸಿದರು. ಅವರ ತಾಯಿಯವರು ಜಗಲಿಗೆ ಬಂದು ಸ್ವಲ್ಪ ಹೊತ್ತು ಕೇಳಿ, “ಹಿಂದೆಯೂ ಹೀಗೇ ಇತ್ತು” ಎಂದರು. ಮೇಸ್ತ್ರಿ ಆಗಲೇ ಕೈತೊಳೆದುಕೊಂಡು ಹಾಸನದ ಬಸ್ಸಿಗೆ ಹೊರಟಿದ್ದರು.

ಮೇಲೆ ಕಾಣುವ ತಿರುಪನ್ನು ತಿರುಗಿಸುವುದು ಸುಲಭ. ತಿರುಗಿಸದೆ ತಾಳುವುದು ಕಷ್ಟ. ಮೊದಲು ಉಳಿದ ಕಾರಣಗಳನ್ನು ಶೋಧಿಸಿ, ಆಮೇಲೆ ಒಂದೊಂದನ್ನೇ ಬದಲಿಸಿ, ಪ್ರತಿಸಲವೂ ಕಾದು ಕೇಳಬೇಕು. ಈ ವರ್ಷ ತರಗತಿಯಲ್ಲಿ ಕಾರ್ಯಕಾರಣಗಳ ಪಾಠ ಬಂದಾಗ ಹೊಗೆ ಬೆಂಕಿಗಳ ಹಳೆಯ ನಿದರ್ಶನದ ಜೊತೆಗೆ ಕೋಳಿಪುಕ್ಕದ ಸಂಗತಿಯನ್ನೂ ಹೇಳಬೇಕೆಂದು ನಿಶ್ಚಯಿಸಿ, ಇಲ್ಲಿಗೆ ವಿರಮಿಸುತ್ತೇವೆ.