ದಾನವೂ ಕರವೂ
(ಒಂದು ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಅತಿ ಶ್ರೀಮಂತರು ಸಮಾಜದ ಹಿತಕ್ಕಾಗಿ ಈಗ ಕೊಡುವದಕ್ಕಿಂತ ಹೆಚ್ಚು ಕರವನ್ನು ತೆರಬೇಕೋ ಬೇಡವೋ ಎಂಬ ವಿಷಯದ ಮೇಲೆ ನಾಲ್ಕು ಮಾತುಗಳನ್ನಾಡಬೇಕೆಂದು ಈ ವಾಚನಾಲಯದ ಚಾಲಕರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಅರ್ಥಶಾಸ್ತ್ರದ ಪಂಡಿತರಲ್ಲ. ಆದರೆ ಕರ ಕೊಡುವವನಿಗೆ ಕರದ ವಿಷಯದಲ್ಲಿ ಮಾತನಾಡುವ ಅಧಿಕಾರವು ಇದ್ದೇ ಇರುತ್ತದೆ. ಆ ಅಧಿಕಾರದ ಬಲದಿಂದಲೇ ಇಲ್ಲಿ ನಿಂತಿರುವೆವು.

ದೊಡ್ಡ ತತ್ತ್ವಗಳಿಂದ ಆರಂಭಿಸದೆ ಒಂದು ತತ್ತಿಯಿಂದ ಆರಂಭಿಸುವೆವು. ನಗು ಬಂದರೆ ಕ್ಷಮಿಸಬೇಕು. ನಮ್ಮ ನಾಡಿನ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ವಾರಕ್ಕೆ ಎರಡು ದಿನ ಮಕ್ಕಳಿಗೆ ಕುದಿಸಿದ ತತ್ತಿಯನ್ನು ಕೊಡುತ್ತಿದ್ದರು. ತತ್ತಿ ತಿನ್ನದವರಿಗೆ ಬಾಳೆಯ ಹಣ್ಣು ಇಲ್ಲವೆ ಶೇಂಗಾದ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಮೂರು ವರ್ಷಗಳ ಅವಧಿಗೆ ಸುಮಾರು 1,500 ಕೋಟಿ ರೂಪಾಯಿಗಳನ್ನು ವೆಚ್ಚ ಮಾಡಲು ಮುಂದೆ ಬಂದುದರಿಂದ ಆ ಎರಡು ದಿನಗಳು ಆರಾದವು. ಪ್ರತಿದಿನವೂ ಮಕ್ಕಳ ಪಂಕ್ತಿಯಲ್ಲಿ ನಿಲ್ಲುವ ಮಾಸ್ತರರಿಗೆ ಇದರ ಬೆಲೆ ಏನೆಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಇದನ್ನು ಹೊಗಳದವನು ಕೃತಘ್ನನೇ ಸರಿ. ಇಂಥ ತ್ಯಾಗವು ನಮ್ಮ ನಾಡಿಗೆ ಹೊಸದೂ ಅಲ್ಲ. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಕಾಲವಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಊರೂರಿನ ಕೆರೆಯ ಏರಿಯ ಮೇಲೂ ಗುಡಿಯ ಅಂಗಳದಲ್ಲೂ ನಿಂತ ಶಾಸನಗಳನ್ನು ಓದಿದರೆ ಅವುಗಳಲ್ಲಿ ದಾನದ ಮಾತೇ ಹೆಚ್ಚು. ದಾಸೋಹವೆಂಬ ಶಬ್ದವನ್ನು ಕೇಳದ ಕನ್ನಡಿಗನಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೂರು ವರ್ಷ ಮುಗಿದ ಮೇಲೆ ಏನು? ದಾನಿಯು ಬೇಡವೆಂದರೆ ಕೇಳುವವರಾರು? ದಾನವು ಕೊಡುವವನ ಇಚ್ಛೆಗೆ ಸೇರಿದುದು. ಎಷ್ಟು, ಯಾರಿಗೆ, ಎಲ್ಲಿಯವರೆಗೆ ಎಂಬುದನ್ನು ಗೊತ್ತುಪಡಿಸುವವನು ಅವನೇ. ಕರವಾದರೋ ಪ್ರಜೆಗಳ ಪ್ರತಿನಿಧಿಗಳು ಸಭೆಯಲ್ಲಿ ಕುಳಿತು ಗೊತ್ತುಪಡಿಸತಕ್ಕದ್ದು. ಅದರ ಲೆಕ್ಕವನ್ನು ಕೇಳುವ ಹಕ್ಕು ಪ್ರಜೆಗೆ ಉಂಟು. ದಾನವನ್ನು ಪಡೆದವನು ಕೈಮುಗಿಯಬೇಕಾಗುತ್ತದೆ. ಕರದಿಂದ ನಡೆಯುವ ಶಾಲೆಯ ಮಗುವು ಯಾರಿಗೂ ಕೈಮುಗಿಯಬೇಕಾಗಿಲ್ಲ. ದಾನಿಗಳು ಬೇಡವೆಂದು ನಾವು ಹೇಳುತ್ತಿಲ್ಲ. ಅತಿ ಶ್ರೀಮಂತರಲ್ಲಿ ಲಿಂಗರಾಜರಂಥವರು ಎಷ್ಟು ಜನ ಎಂದಷ್ಟೇ ಕೇಳುತ್ತೇವೆ.

ಹಾಗಾದರೆ ಇಂದು ಸರಕಾರದ ಬೊಕ್ಕಸವನ್ನು ತುಂಬುವವರಾರು? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. 2024-25ನೆಯ ಸಾಲಿನ ಅಂದಾಜು ಪತ್ರದಲ್ಲಿ ನಮ್ಮ ರಾಜ್ಯ ಸರಕಾರವು ಅಬಕಾರಿಯಿಂದ 38,000 ಕೋಟಿ ರೂಪಾಯಿಗಳಿಗೂ ಮಿಕ್ಕಿ ಹುಟ್ಟುವಳಿಯನ್ನು ಅಪೇಕ್ಷಿಸಿತ್ತು. ಅದರಲ್ಲಿ ದೊಡ್ಡ ಪಾಲು ದಿನಗೂಲಿಯವನ ಕೈಯಿಂದ, ಅಂದರೆ ಅವನ ಹೆಂಡತಿ ಮಕ್ಕಳ ಅನ್ನದಿಂದ ಬರುತ್ತದೆ. ತಂದೆಯು ಕುಡಿದ ಹಣದಿಂದ ಮಗನ ಶಾಲೆಯು ನಡೆಯುವದಾದರೆ ಅದನ್ನು ಏನೆಂದು ಕರೆಯಬೇಕು?

ಇದು ಹಳೆಯ ತೊಡಕೇ. 1937ರ ಜುಲೈದಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಅಧಿಕಾರಕ್ಕೆ ಬಂದಾಗ, ಪಾನನಿರೋಧವನ್ನು ಮಾಡಿದರೆ ಶಿಕ್ಷಣಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆ ಎದ್ದಿತು. ಆಗ ಮಹಾತ್ಮಾ ಗಾಂಧಿಯವರು ತಮ್ಮ ‘ಹರಿಜನ’ ಪತ್ರದಲ್ಲಿ, ಈ ದೇಶದ ಧನಿಕರ ಮೇಲೆ ಇನ್ನೂ ಸಾಕಷ್ಟು ಕರವು ಬಿದ್ದಿಲ್ಲವೆಂದು ಬರೆದರು. ಸತ್ತವರು ಬಿಟ್ಟುಹೋಗುವ ಆಸ್ತಿಯ ಮೇಲೆ ಕರವನ್ನೇಕೆ ಹಾಕಬಾರದೆಂದೂ ಕೇಳಿದರು. ಶ್ರೀಮಂತನು ತನ್ನ ಸಂಪತ್ತಿಗೆ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯುವ ವಿಶ್ವಸ್ತನು ಎಂದು ಬೋಧಿಸಿದವರು ಅವರೇ. ಧನಿಕರ ಹೃದಯದಲ್ಲಿ ಅಷ್ಟು ನಂಬಿಗೆಯಿಟ್ಟವರು ಸಹ ಕರವನ್ನು ಬಿಟ್ಟುಕೊಡಲಿಲ್ಲವೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಉಪ್ಪಿನ ಕರದ ವಿಷಯವು ನಿಮಗೆಲ್ಲ ತಿಳಿದೇ ಇದೆ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮವರು ಉಪ್ಪಿನ ಕಾನೂನನ್ನು ಮುರಿದುದು ಕೇವಲ ಪರಕೀಯ ಸರಕಾರದ ಮೇಲಿನ ಸಿಟ್ಟಿನಿಂದಲ್ಲ. ಉಣ್ಣುವ ಹೊಟ್ಟೆ ಎಲ್ಲರಿಗೂ ಒಂದೇ. ಕೋಟ್ಯಧೀಶನು ಕೂಲಿಕಾರನಿಗಿಂತ ಹೆಚ್ಚು ಉಪ್ಪು ತಿನ್ನುವದಿಲ್ಲ. ಆದುದರಿಂದ ಆ ಕರವು ಬಡವನ ಗಳಿಕೆಯಲ್ಲಿ ದೊಡ್ಡ ತುತ್ತು, ಧನಿಕನ ಗಳಿಕೆಯಲ್ಲಿ ಧೂಳಿನ ಕಣ. 2017ರಿಂದ ನಡೆದು ಬಂದ ಸರಕು ಮತ್ತು ಸೇವಾ ತೆರಿಗೆಯ ಸ್ವಭಾವವೂ ಬಹುಮಟ್ಟಿಗೆ ಹೀಗೆಯೇ. 2025ರ ಸೆಪ್ಟೆಂಬರದಲ್ಲಿ ಮೈ ತೊಳೆಯುವ ಸಾಬೂನಿನ ಮೇಲಿನ ಕರವನ್ನು ಶೇಕಡಾ 18ರಿಂದ 5ಕ್ಕೆ ಇಳಿಸಿದರು, ಒಳ್ಳೆಯದೇ ಆಯಿತು. ಆದರೆ ಅಲ್ಲಿಯವರೆಗೆ ಎಂಟು ವರ್ಷ ಕೂಲಿಕಾರ್ತಿಯೂ ಕೋಟ್ಯಧೀಶನ ಹೆಂಡತಿಯೂ ಒಂದೇ ದರದಲ್ಲಿ ತೆತ್ತರಲ್ಲವೇ?

“ಆದಾಯ ತೆರಿಗೆ ಇದೆಯಲ್ಲ, ಅದನ್ನು ಶ್ರೀಮಂತರು ಕೊಡುತ್ತಾರಲ್ಲ” ಎಂದು ಯಾರಾದರೂ ಕೇಳಬಹುದು. ಕೊಡುತ್ತಾರೆ, ನಿಜ. ಆದರೆ ಪಗಾರದವನ ಗಳಿಕೆಯ ಮೇಲಿನ ಹಂತಕ್ಕೆ ಶೇಕಡಾ 30ರ ದರವಿದ್ದರೆ, ಪೇಟೆಯಲ್ಲಿ ನಡೆಯುವ ಶೇರುಗಳನ್ನು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿ ಪಡೆದ ಲಾಭಕ್ಕೆ 2024ರ ಜುಲೈದಿಂದ ಶೇಕಡಾ 12.5ರ ದರವಿದೆ. 2004ರಿಂದ 2018ರವರೆಗೆ ಅದೂ ಇರಲಿಲ್ಲ. ಮಾರದೆ ಇಟ್ಟುಕೊಂಡರೆ ಏನೂ ಇಲ್ಲ. ಮಕ್ಕಳಿಗೆ ಬಿಟ್ಟು ಸತ್ತರೆ, ಪಡೆದ ಮಕ್ಕಳಿಗೂ ಆಗ ಏನೂ ಇಲ್ಲ. ದೊಡ್ಡ ಧನಿಕನ ಸಂಪತ್ತು ಪಗಾರದಲ್ಲಿರುವದಿಲ್ಲ, ಶೇರುಗಳಲ್ಲಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟರೆ ಬೀಗವನ್ನು ಯಾವ ಬಾಗಿಲಿಗೆ ಹಾಕಿದ್ದಾರೆಂಬುದು ತಿಳಿಯುತ್ತದೆ. ದೇಶದ ಒಟ್ಟು ಸಂಪತ್ತಿನಲ್ಲಿ ಶೇಕಡಾ 40ರಷ್ಟು ನೂರಕ್ಕೆ ಒಬ್ಬರ ಕೈಯಲ್ಲಿದೆಯೆಂದು ಪ್ಯಾರಿಸ್ಸಿನ ಜಾಗತಿಕ ಅಸಮಾನತೆಯ ಸಂಶೋಧನಾಲಯದವರು 2022-23ನೆಯ ವರ್ಷಕ್ಕೆ ಲೆಕ್ಕ ಹಾಕಿ 2024ರಲ್ಲಿ ಪ್ರಕಟಿಸಿದರು.

ಸಂಪತ್ತಿನ ಮೇಲೆ ಕರ ಹಾಕುವ ಪ್ರಯತ್ನ ನಮ್ಮಲ್ಲಿ ನಡೆಯಲಿಲ್ಲವೆಂದಲ್ಲ. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ವಿರೋಧಿಗಳು ಅದನ್ನೇ ಎತ್ತಿ ತೋರಿಸುತ್ತಾರೆ.

1953ರ ಅಕ್ಟೋಬರ 15ರಿಂದ ಎಸ್ಟೇಟ್ ಡ್ಯೂಟಿ ಜಾರಿಗೆ ಬಂದಿತು. ಅದನ್ನು ಮೃತ್ಯುಕರವೆಂದು ಕರೆಯೋಣ. ಕರ್ನಾಟಕವು ಒಂದುಗೂಡಿದ 1956ನೆಯ ವರ್ಷದಲ್ಲಿಯೇ ಕೇಂಬ್ರಿಜ್ಜಿನ ನಿಕೊಲಾಸ್ ಕ್ಯಾಲ್ಡೋರರು ಭಾರತ ಸರಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದರು. ಸಂಪತ್ತಿನ ಮೇಲೆ, ದಾನಪತ್ರದ ಮೇಲೆ, ವೆಚ್ಚದ ಮೇಲೆ, ಬಂಡವಾಳದ ಲಾಭದ ಮೇಲೆ ಕರಗಳನ್ನು ಹಾಕಿರಿ. ಆದರೆ ಆದಾಯ ತೆರಿಗೆಯ ಮೇಲಿನ ದರವನ್ನು ಶೇಕಡಾ 45ಕ್ಕೆ ಇಳಿಸಿರಿ ಎಂಬುದು ಅವರ ಸಲಹೆಯ ತಿರುಳು. ಸರಕಾರವು ಮೊದಲನೆಯ ಮಾತನ್ನು ಕೇಳಿ ಎರಡನೆಯದನ್ನು ಬಿಟ್ಟಿತು. 1957ರಲ್ಲಿ ಸಂಪತ್ತಿನ ತೆರಿಗೆ ಬಂದಿತು. ಆದಾಯ ತೆರಿಗೆಯ ದರವಾದರೋ ಇಳಿಯುವದಕ್ಕೆ ಬದಲು ಏರುತ್ತ ಹೋಗಿ 1973-74ರಲ್ಲಿ ಉಪಕರ ಸಹಿತ ಶೇಕಡಾ 97.75ಕ್ಕೆ ಮುಟ್ಟಿತು. ನೂರು ರೂಪಾಯಿ ಗಳಿಸಿದವನಿಗೆ ಎರಡೂಕಾಲು ರೂಪಾಯಿ! ಹೀಗೆ ಕೇಳಿದರೆ ಹರಿಶ್ಚಂದ್ರನೂ ಸುಳ್ಳು ಲೆಕ್ಕ ಬರೆಯಲು ಕಲಿಯುತ್ತಿದ್ದನು. ಕಪ್ಪು ಹಣವು ಬೆಳೆಯಿತು, ಬೊಕ್ಕಸವು ಬೆಳೆಯಲಿಲ್ಲ. ನಮ್ಮ ಪಕ್ಷದವರ ತಪ್ಪನ್ನು ನಾವೇ ಒಪ್ಪಿಕೊಳ್ಳಬೇಕು: ಕಾಗದದ ಮೇಲಿನ ದೊಡ್ಡ ದರವನ್ನು ನ್ಯಾಯವೆಂದು ಭ್ರಮಿಸಿದೆವು.

ಮೃತ್ಯುಕರದ ಗತಿಯೂ ಹಾಗೆಯೇ ಆಯಿತು. ಮೇಲಿನ ಹಂತದಲ್ಲಿ ಶೇಕಡಾ 85ರ ದರ. ಕೆಳಗೆ ವಿನಾಯಿತಿಗಳ ಮತ್ತು ತಕರಾರುಗಳ ಕಾಡು. ಜಾಣರು ಬದುಕಿರುವಾಗಲೇ ಆಸ್ತಿಯನ್ನು ನ್ಯಾಸಗಳಿಗೆ, ಬಂಧುಗಳಿಗೆ ಹಂಚಿಬಿಟ್ಟರು. ಕಡೆಗೆ ವರ್ಷಕ್ಕೆ ಕೇವಲ 20 ಕೋಟಿಯಷ್ಟು ಹುಟ್ಟುತ್ತಿದ್ದ ಆ ಕರವನ್ನು 1985ರ ಮಾರ್ಚ್ 16ರಿಂದ ತೆಗೆದುಹಾಕಿದರು. ಸಂಪತ್ತಿನ ತೆರಿಗೆಯ ಕಥೆ ಇನ್ನೂ ವಿಚಿತ್ರವಾದುದು. 1993ರಿಂದ ಶೇರುಗಳನ್ನೂ ಬ್ಯಾಂಕಿನ ಠೇವಣಿಗಳನ್ನೂ ಅದರಿಂದ ಹೊರಗಿಟ್ಟರು. ಉಳಿದುದು ಬಂಗಾರ, ಮೋಟಾರು, ನಗರದ ಖಾಲಿ ಜಾಗ. ಸಾವಿರ ಕೋಟಿಯ ಶೇರುಗಳುಳ್ಳವನು ಒಂದು ಕಾಸನ್ನೂ ಕೊಡದೆ, ಅಜ್ಜಿಯ ಬಂಗಾರವನ್ನು ಪೆಟ್ಟಿಗೆಯಲ್ಲಿಟ್ಟವಳು ಲೆಕ್ಕ ಕೊಡಬೇಕಾಯಿತು. 2013-14ರಲ್ಲಿ ಅದು ತಂದುದು ಸುಮಾರು 1,000 ಕೋಟಿ. ಎತ್ತಿನ ಕಾಲು ಕಟ್ಟಿಹಾಕಿ, ಎತ್ತು ನಡೆಯುವದಿಲ್ಲವೆಂದು ಮಾರಿಬಿಟ್ಟಂತೆ 2015ರ ಅಂದಾಜು ಪತ್ರದಲ್ಲಿ ಅದನ್ನೂ ರದ್ದು ಮಾಡಿದರು.

ಅದಕ್ಕೆ ಬದಲಾಗಿ ಕೋಟಿ ರೂಪಾಯಿಗಿಂತ ಹೆಚ್ಚು ಆದಾಯವುಳ್ಳವರ ಮೇಲೆ ಶೇಕಡಾ 2ರ ಹೆಚ್ಚಿನ ಉಪಕರವನ್ನು ಹಾಕಿದರು. ಅದು 9,000 ಕೋಟಿ ತರುವದೆಂದು ಅಂದಾಜು. ಒಂಬತ್ತು ಪಟ್ಟು ಲಾಭವಾಯಿತಲ್ಲ ಎನ್ನುವಿರಾ? ಇಲ್ಲಿಯೇ ಪ್ರಾಂತದವರಾದ ನಾವು ಕಣ್ಣು ತೆರೆಯಬೇಕಾದುದು. ಸಂವಿಧಾನದ ಪ್ರಕಾರ ಇಂಥ ಉಪಕರದಲ್ಲಿ ರಾಜ್ಯಗಳಿಗೆ ಪಾಲಿಲ್ಲ, ಅದೆಲ್ಲವೂ ಕೇಂದ್ರದ್ದು. ರದ್ದಾದ ಸಂಪತ್ತಿನ ತೆರಿಗೆಯಲ್ಲಾದರೋ ರಾಜ್ಯಗಳಿಗೆ ಪಾಲಿತ್ತು. ಮೃತ್ಯುಕರದ ವಿಷಯವು ಇನ್ನೂ ಸ್ಪಷ್ಟ. ಸಂವಿಧಾನವನ್ನು ಬರೆದವರು 269ನೆಯ ಕಲಮಿನಲ್ಲಿ ಅದನ್ನು ಕೇಂದ್ರವು ವಸೂಲು ಮಾಡಿ ರಾಜ್ಯಗಳಿಗೇ ಒಪ್ಪಿಸಬೇಕೆಂದು ಇಟ್ಟಿದ್ದರು. ಹುಟ್ಟುವಳಿ ರಾಜ್ಯಗಳದ್ದು, ರದ್ದು ಮಾಡುವ ಕೈ ದಿಲ್ಲಿಯದು. ಶಾಲೆಯನ್ನೂ ದವಾಖಾನೆಯನ್ನೂ ನಡೆಸುವವರು ಯಾರು? ಶಿಕ್ಷಕರಿಗೆ ತಿಂಗಳ ಪಗಾರ ಕೊಡುವವರು ಯಾರು? ರಾಜ್ಯಗಳೇ. ಹೀಗಿದ್ದು ರಾಜ್ಯಗಳು ಅಬಕಾರಿಯ ಬಾಗಿಲಲ್ಲಿ ನಿಂತರೆ ಆಶ್ಚರ್ಯವೇನು?

ಎರಡು ಆಕ್ಷೇಪಗಳಿಗೆ ಉತ್ತರ ಕೊಟ್ಟು ಮುಗಿಸುವೆವು. ಕರ ಹೆಚ್ಚಾದರೆ ಧನಿಕರು ದೇಶ ಬಿಟ್ಟು ಓಡುವರೆಂಬುದು ಒಂದು. ಇದು ಪೂರ್ಣ ಸುಳ್ಳಲ್ಲ. 2022ರಲ್ಲಿ ನಾರ್ವೆ ದೇಶವು ಸಂಪತ್ತಿನ ತೆರಿಗೆಯನ್ನು ಏರಿಸಿದಾಗ ಹಲವರು ಸ್ವಿಟ್ಜರ್ಲಂಡಕ್ಕೆ ನಡೆದರು. (ಸ್ವಿಟ್ಜರ್ಲಂಡಿನಲ್ಲಿಯೂ ಸಂಪತ್ತಿನ ತೆರಿಗೆ ಇದೆಯೆಂಬುದನ್ನು ಮಾತ್ರ ಯಾರೂ ಹೇಳುವದಿಲ್ಲ.) ಆದರೆ ಬ್ರಿಟನ್ನಿನಲ್ಲಿ ಮಿತಿಗಿಂತ ಹೆಚ್ಚಿನ ಪಿತ್ರಾರ್ಜಿತಕ್ಕೆ ಶೇಕಡಾ 40, ಜಪಾನದಲ್ಲಿ ಮೇಲಿನ ಹಂತಕ್ಕೆ ಶೇಕಡಾ 55ರ ಕರವಿದ್ದರೂ ಆ ದೇಶಗಳಲ್ಲಿ ಶ್ರೀಮಂತರ ಸಂತತಿ ಅಳಿದಿಲ್ಲ. ಕಾರಖಾನೆಯನ್ನೂ ನೆಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಾಗದು. 2024ರಲ್ಲಿ ಬ್ರೆಜಿಲಿನ ಅಪೇಕ್ಷೆಯ ಮೇರೆಗೆ ಗಾಬ್ರಿಯೆಲ್ ಝುಕ್ಮನ್ನರು ಲೋಕದ ಸುಮಾರು 3,000 ಮಹಾಧನಿಕರು ವರ್ಷಕ್ಕೆ ತಮ್ಮ ಸಂಪತ್ತಿನ ಶೇಕಡಾ 2ರಷ್ಟನ್ನಾದರೂ ಕೊಡುವಂತೆ ದೇಶಗಳೆಲ್ಲ ಕೂಡಿ ಮಾಡಬೇಕೆಂದು ಸೂಚಿಸಿದುದು ಈ ಓಟವನ್ನು ತಡೆಯುವದಕ್ಕಾಗಿಯೇ.

ಎರಡನೆಯ ಆಕ್ಷೇಪವು ಹೆಚ್ಚು ಭಾರವಾದುದು. ಸರಕಾರದ ಕೈಗೆ ಹಣ ಕೊಟ್ಟರೆ ನಡುವೆ ಸೋರಿಹೋಗುವದು, ಆದುದರಿಂದ ದಾನಿಯ ಕೈಯೇ ಲೇಸು ಎನ್ನುವರು. ಸೋರುವದುಂಟು, ಕಣ್ಣಾರೆ ಕಂಡಿದ್ದೇವೆ. ಆದರೆ ಸೋರುವ ಮಾಳಿಗೆಯನ್ನು ರಿಪೇರಿ ಮಾಡಬೇಕೇ ಹೊರತು ಮನೆಯನ್ನೇ ಬಿಟ್ಟು ಧರ್ಮಶಾಲೆಯಲ್ಲಿ ಮಲಗಬೇಕೆಂಬ ನ್ಯಾಯವಿಲ್ಲ. ಅದೂ ಅಲ್ಲದೆ, ಬಡವನ ಸಾಬೂನಿನಿಂದ ಬಂದ ಹಣವು ಸೋರುವಾಗ ಇಲ್ಲದ ಈ ಚಿಂತೆ ಧನಿಕನ ಹಣದ ಮಾತು ಬಂದಾಗಲೇ ಏಕೆ ಹುಟ್ಟುತ್ತದೆ?

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಮೃತ್ಯುಕರವು ತಿರುಗಿ ಬರಲಿ. ಆದರೆ ಹಳೆಯ ವೇಷದಲ್ಲಿ ಬೇಡ. ಮಾಸ್ತರನು ಕಟ್ಟಿಸಿದ ಮನೆ, ಅಂಗಡಿಕಾರನ ಅಂಗಡಿ, ಒಕ್ಕಲಿಗನ ಹತ್ತು ಎಕರೆ, ಇವುಗಳ ಹತ್ತಿರ ಅದು ಸುಳಿಯಕೂಡದು. ನೂರು ಕೋಟಿಗಿಂತ ಮೇಲಿನ ಆಸ್ತಿಗೆ ಮಾತ್ರ ಅದು ತಗಲಲಿ. ದರವು ಹತ್ತಕ್ಕೆ ಒಂದು, ಹೆಚ್ಚೆಂದರೆ ಎರಡು. ಶೇರಿಗಾಗಲಿ ನ್ಯಾಸಕ್ಕಾಗಲಿ ವಿನಾಯಿತಿ ಬೇಡ. ಬಂದ ಹಣವು ಮೊದಲು ಇದ್ದಂತೆ ರಾಜ್ಯಗಳಿಗೆ ಸೇರಲಿ. ಯಾವ ಜಿಲ್ಲೆಯ ಯಾವ ಶಾಲೆಗೆ ಎಷ್ಟು ಹೋಯಿತೆಂಬುದನ್ನು ವರ್ಷ ವರ್ಷವೂ ಊರ ಚಾವಡಿಯಲ್ಲಿ ಹಚ್ಚಲಿ. ಸತ್ತವನಿಗೆ ಇದರಿಂದ ನೋವಿಲ್ಲ. ಅವನ ಮಗನಿಗೆ ತೊಂಬತ್ತು ಪಾಲು ದುಡಿಯದೆಯೇ ದೊರೆಯುತ್ತದೆ. ಕಾಯಕದ ನಾಡಿನವರಾದ ನಾವು ಅದಕ್ಕಿಂತ ಹೆಚ್ಚು ಉದಾರರಾಗಬೇಕೆಂದು ಯಾರು ಹೇಳಿಯಾರು?

ನಿಮ್ಮ ಲೋಕಸಭೆಯ ಸದಸ್ಯರು ಮುಂದಿನ ಸಲ ಊರಿಗೆ ಬಂದಾಗ, ಮೂರು ವರ್ಷದ ಒಪ್ಪಂದ ಮುಗಿದ ಮೇಲೆ ಮಕ್ಕಳ ತತ್ತಿಗೆ ಹಣವನ್ನು ಎಲ್ಲಿಂದ ತರುವಿರೆಂದು ಅವರನ್ನು ಕೇಳಿರಿ. ಈಗ ನಮ್ಮನ್ನು ಪ್ರಶ್ನೆ ಕೇಳಬಯಸುವವರಿಗೆ ಎಡೆ ಬಿಟ್ಟು, ಅಧ್ಯಕ್ಷರ ಅಪ್ಪಣೆಯಿಂದ ನಾವು ಕುಳಿತುಕೊಳ್ಳುವೆವು.